ಕಳಿಸಬ್ಯಾಡ್ರಿ, ಕರಕೊಂಡ ಹೋಗ್ರಿ

ತಮ್ಮಾ, ತಂಗೀ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಅಂತ ಮಲಪ್ರಭೆಯ ದಂಡೆಗುಂಟ ಹಬ್ಬಿದ ಈ ಸೀಮೆಯಲ್ಲಿ ಸಣ್ಣ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆಲ್ಲ ಒಂದು ಮಾತು ಹೇಳಬೇಕಾಗಿದೆ. ಸಾಲಿಯಲ್ಲಿ ಮಾಸ್ತರಿಕೆ ಮಾಡಿ, ಈಗ ಮೊಮ್ಮಕ್ಕಳ ಜೊತೆ ಕಟ್ಟೆಯ ಮೇಲೆ ಕೂಡುವ ವಯಸ್ಸಿನವನ ಮಾತು ಇದು. ಹಿರಿಯನೊಬ್ಬ ಕಳಕಳಿಯಿಂದ ಹೇಳುತ್ತಿದ್ದಾನೆ ಎಂದುಕೊಂಡು ಕೇಳಿರಿ.

ನಮ್ಮ ಮಕ್ಕಳು ಹೊರಗೆ ಆಡುವುದು ಕಡಿಮೆಯಾಗಿದೆ. ಸಾಲಿ ಬಿಟ್ಟು ಬಂದ ಹುಡುಗ ಪಡಸಾಲೆಯ ಮೂಲೆ ಹಿಡಿದು ಮೊಬೈಲ್ ತೆರೆದರೆ, ಊಟಕ್ಕೆ ಕರೆಯುವ ತನಕ ಅಲ್ಲಿಂದ ಏಳುವುದಿಲ್ಲ. ಹುಡುಗಿ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ‘ಹೊರಗ ಹೋಗಿ ಆಡೋ’ ಎಂದು ನೀವು ಒದರುತ್ತೀರಿ. ಹುಡುಗ ಬಾಗಿಲ ತನಕ ಹೋಗಿ ನೋಡುತ್ತಾನೆ, ಓಣಿಯಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಓಣಿಯಲ್ಲಿ ಅವನು ಯಾರ ಜೊತೆ ಆಡಬೇಕು? ಮತ್ತೆ ಒಳಗೆ ಬರುತ್ತಾನೆ. ನೀವು ಬೈಯುತ್ತೀರಿ, ಅವನು ಮುಖ ಊದಿಸುತ್ತಾನೆ. ದಿನಾ ಇದೇ ಜಗಳ.

ಈ ಜಗಳ ತೀರಬೇಕಾದರೆ ಒಂದೇ ದಾರಿ ಇದೆ. ಮಕ್ಕಳನ್ನು ಹೊರಗೆ ಕಳಿಸುವುದನ್ನು ಬಿಟ್ಟು, ಹೊರಗೆ ಕರೆದುಕೊಂಡು ಹೋಗುವುದನ್ನು ಶುರು ಮಾಡಿರಿ. ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ.

ಮಕ್ಕಳ ತಪ್ಪಲ್ಲ

ಈಗಿನ ಹುಡುಗರು ಆಲಸಿಗಳು ಎಂದು ದೂರುವವರ ಮಾತಿಗೆ ನಾನು ತಲೆದೂಗುವುದಿಲ್ಲ. ಹಿಂದಿನ ಮಕ್ಕಳು ಬರೀ ಆಟಕ್ಕಷ್ಟೇ ಹೊರಗೆ ಹೋಗುತ್ತಿರಲಿಲ್ಲ. ಮನೆಯ ಬದುಕೇ ಅವರನ್ನು ಹೊರಗೆ ಎಳೆಯುತ್ತಿತ್ತು. ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯಬೇಕು, ಎಮ್ಮೆಯನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಬೇಕು, ಬಾವಿಯಿಂದ ನೀರು ತರಬೇಕು, ಜೋಳದ ಚೀಲ ಹೊತ್ತು ಗಿರಣಿ ಮುಂದೆ ಪಾಳಿ ಹಚ್ಚಬೇಕು. ಆ ಕೆಲಸದ ನಡುವೆಯೇ ಗಿಡ ಹತ್ತುವುದು, ಬಾರಿಹಣ್ಣು ಉದುರಿಸುವುದು, ಕಲ್ಲು ಒಗೆಯುವುದು, ದಾರಿಯುದ್ದಕ್ಕೂ ಓಡುವುದು ಎಲ್ಲ ನಡೆಯುತ್ತಿತ್ತು. ಆಟ ಎನ್ನುವುದು ಕೆಲಸದ ಬೆನ್ನಿಗೇ ಅಂಟಿಕೊಂಡು ಬರುತ್ತಿತ್ತು.

ಈಗ ಮನೆಗೆ ನಳ ಬಂದಿದೆ, ಗ್ಯಾಸ್ ಬಂದಿದೆ, ಹೊಲಕ್ಕೆ ಬೈಕಿನ ಮೇಲೆ ಹೋಗಿ ಬರುತ್ತೇವೆ. ಚಕ್ಕಡಿಯ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಸಾಲಿಯ ವ್ಯಾನ್ ಮನೆಯ ಮುಂದೆಯೇ ಹಾರ್ನ್ ಹಾಕುತ್ತದೆ. ಇದೆಲ್ಲ ಒಳ್ಳೆಯದೇ. ನಮ್ಮ ಅವ್ವಂದಿರ ತಲೆಯ ಮೇಲಿನ ಕೊಡ ಇಳಿದಿದ್ದಕ್ಕೆ ನನಗೆ ಸಂತೋಷವಿದೆ. ಆದರೆ ಆ ಕೊಡದ ಜೊತೆಗೆ ಮಕ್ಕಳ ನಡಿಗೆಯೂ ಇಳಿದುಹೋಯಿತು ಎಂಬುದನ್ನು ನಾವು ಗಮನಿಸಲಿಲ್ಲ. ಆ ಮೇಲೆ 2020ರಲ್ಲಿ ಕೊರೊನಾ ಬಂತು. ಸಾಲಿಗೆ ಬೀಗ ಬಿತ್ತು. ಓದುವುದಕ್ಕೆಂದು ನಾವೇ ಮೊಬೈಲ್ ಕೊಂಡು ಮಕ್ಕಳ ಕೈಗೆ ಕೊಟ್ಟೆವು. ಸಾಲಿ ತೆರೆಯಿತು, ಮೊಬೈಲ್ ಮಾತ್ರ ಕೈಯಲ್ಲೇ ಉಳಿಯಿತು.

ಹಾಗಾಗಿ ಮಕ್ಕಳನ್ನು ಹೊರಗೆಳೆಯುತ್ತಿದ್ದ ಬದುಕು ಹೋಗಿದೆ. ಅದರ ಜಾಗದಲ್ಲಿ ಈಗ ನೀವು ನಿಲ್ಲಬೇಕು. ಬೇರೆ ಯಾರೂ ಬಂದು ನಿಲ್ಲುವುದಿಲ್ಲ.

ಮೈಗೆ, ಕಣ್ಣಿಗೆ ಎಷ್ಟು ಬೇಕು?

ಡಾಕ್ಟರರು ಹೇಳುವ ಲೆಕ್ಕವನ್ನು ಸುಲಭ ಮಾಡಿ ಹೇಳುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಎದೆಬಡಿತ ಏರುವಂಥ ಓಡಾಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಓಡುವುದು, ಜಿಗಿಯುವುದು, ಸೈಕಲ್ ಹೊಡೆಯುವುದು, ಜೋರಾಗಿ ನಡೆಯುವುದು ಎಲ್ಲ ಇದರಲ್ಲಿ ಬಂತು. ಮೂರು-ನಾಲ್ಕು ವರ್ಷದ ಕೂಸುಗಳಿಗೆ ದಿನದಲ್ಲಿ ಒಟ್ಟು 180 ನಿಮಿಷದ ಓಡಾಟ ಬೇಕು, ಅದರಲ್ಲಿ ಒಂದು ತಾಸಾದರೂ ಜೋರಿನದಾಗಿರಬೇಕು. ಒಂದು ವರ್ಷ ತುಂಬದ ಕೂಸಿಗೆ ಮೊಬೈಲ್, ಟಿವಿ ತೋರಿಸಲೇಬಾರದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಐದು ವರ್ಷದೊಳಗಿನ ಕೂಸುಗಳಿಗಾಗಿ ಅದೇ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆ ಇದು. ಊಟ ಮಾಡಿಸುವಾಗ ರೀಲ್ಸ್ ಹಚ್ಚಿ ಕೊಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ಬದಲಾವಣೆಯನ್ನು ಅಲ್ಲಿಂದಲೇ ಶುರು ಮಾಡಿರಿ.

ಕಣ್ಣಿನ ವಿಷಯ ಇನ್ನೂ ಮುಖ್ಯ. ಸಣ್ಣ ಸಣ್ಣ ಮಕ್ಕಳ ಮೂಗಿನ ಮೇಲೆ ಚಾಳೀಸು ಏರುತ್ತಿರುವುದನ್ನು ನೀವೂ ನೋಡಿದ್ದೀರಿ. ಹತ್ತಿರದ್ದನ್ನೇ ಬಹಳ ಹೊತ್ತು ನೋಡುತ್ತ, ಮನೆಯ ಮಬ್ಬು ಬೆಳಕಿನಲ್ಲೇ ಬೆಳೆದ ಕಣ್ಣಿನ ಗುಡ್ಡೆ ಉದ್ದಕ್ಕೆ ಬೆಳೆದುಬಿಡುತ್ತದೆ. ಆಗ ದೂರದ್ದು ಮಸುಕಾಗುತ್ತದೆ. ಬಯಲಿನ ಬೆಳಕು ಕಣ್ಣಿನೊಳಗೆ ಡೋಪಮಿನ್ ಎಂಬ ರಸವನ್ನು ಹೆಚ್ಚಿಸಿ, ಈ ಉದ್ದ ಬೆಳೆಯುವುದನ್ನು ತಡೆಯುತ್ತದೆ ಎಂದು ತಜ್ಞರು ಹೇಳುತ್ತಾರೆ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಇದ್ದರೆ, ಹೊರಗೆ ಗಿಡದ ನೆರಳಿನಲ್ಲೇ ಸಾವಿರಗಟ್ಟಲೆ ಇರುತ್ತದೆ. ಚೀನಾದ ಗುವಾಂಗ್‌ಝೌ ಎಂಬ ಊರಿನ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹಾಗೆ ಬಿಡದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಸುಮಾರು 30 ಮಕ್ಕಳಿಗೆ ಬಂತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಯಾವ ಔಷಧವೂ ಇಲ್ಲದೆ, ಬರೀ ಬಯಲಿನ ಬೆಳಕಿನಿಂದ ಆದದ್ದು ಇದು. ತೈವಾನ್ ದೇಶವಂತೂ 2010ರಿಂದಲೇ ಶಾಲೆಯ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗಿನ ಬೆಳಕು ಸಿಗಲಿ ಎಂದು ಯೋಜನೆ ಹಾಕಿಕೊಂಡಿತು.

ದೊಡ್ಡ ಶಹರದವರು ಇಷ್ಟು ಬಯಲಿಗೆ ಪರದಾಡಬೇಕು. ನಮಗೆ ಮನೆಯ ಬಾಗಿಲು ದಾಟಿದರೆ ಎರಿಹೊಲ, ಕೆರೆ, ಹಳ್ಳ, ಗುಡ್ಡ. ಕೊರತೆ ಇರುವುದು ಜಾಗದ್ದಲ್ಲ, ಜೊತೆಗಾರರದು.

ನಮ್ಮ ಹಬ್ಬಗಳೇ ದಾರಿ ತೋರಿಸಿವೆ

ಮನೆಮಂದಿಯೆಲ್ಲ ಕೂಡಿ ಹೊರಗೆ ಹೋಗುವ ಪದ್ಧತಿಯನ್ನು ನಾವು ಬೇರೆ ಎಲ್ಲಿಂದಲೋ ಕಲಿಯಬೇಕಿಲ್ಲ. ನಮ್ಮ ಹಿರಿಯರು ಅದನ್ನು ಪಂಚಾಂಗದಲ್ಲೇ ಕೂಡಿಸಿಟ್ಟಿದ್ದಾರೆ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಮಲಪ್ರಭೆಗೆ, ಸೊಗಲಕ್ಕೆ, ನವಿಲುತೀರ್ಥಕ್ಕೆ ಹೋಗುತ್ತೇವೆ. ನಾಗರ ಪಂಚಮಿಗೆ ಗಿಡಗಿಡಕ್ಕೂ ಜೋಕಾಲಿ. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ. ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಎಲ್ಲರೂ ಬಯಲಿಗೆ ಬೀಳುವ ದಿನಗಳಿವು.

ಚರಗದ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿರಿ. ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಕಡುಬು, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಬುಟ್ಟಿಗೆ ಸೇರುತ್ತದೆ. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಕಲ್ಲು ಹುಡುಕಿ ತರುವುದು ಮಕ್ಕಳ ಕೆಲಸ. ಐದೂ ಒಂದೇ ಅಳತೆಯವು ಬೇಕೆಂದು ಅವರು ಅರ್ಧ ಹೊಲ ಸುತ್ತುತ್ತಾರೆ. ಆಮೇಲೆ ಒಬ್ಬರು ಚರಗ ಚೆಲ್ಲುತ್ತ, ಇನ್ನೊಬ್ಬರು ನೀರು ಚಿಮುಕಿಸುತ್ತ, ಕೂಗು ಹಾಕುತ್ತ ಹೊಲದ ಸುತ್ತ ನಡೆಯುತ್ತಾರೆ. ಮಕ್ಕಳು ಹಿಂದೆ ಓಡುತ್ತಾರೆ. ನಾಲ್ಕು ಎಕರೆಯ ಚೌಕ ಹೊಲವನ್ನು ಒಂದು ಸುತ್ತು ಹಾಕಿದರೆ ಅರ್ಧ ಕಿಲೋಮೀಟರ್ ಆಗುತ್ತದೆ. ಮಕ್ಕಳು ಓಡುವ ರೀತಿಯಲ್ಲಿ ಅದು ಒಂದು ಕಿಲೋಮೀಟರ್ ಆದರೂ ಆದೀತು. ಅವತ್ತು ಯಾವ ಮಗುವೂ ಮೊಬೈಲ್ ಕೇಳುವುದಿಲ್ಲ. ಯಾಕೆ? ಅವ್ವ, ಅಪ್ಪ, ಕಾಕಾ, ಅತ್ತಿ, ಅಜ್ಜ ಎಲ್ಲರೂ ಅಲ್ಲೇ ಇದ್ದಾರೆ, ಎಲ್ಲರ ಕೈಯಲ್ಲೂ ಕೆಲಸ ಇದೆ, ಮಗುವಿನ ಕೈಗೂ ಒಂದು ಕೆಲಸ ಸಿಕ್ಕಿದೆ.

ನಾನು ಕೇಳುವುದಿಷ್ಟೇ: ವರ್ಷಕ್ಕೆ ಎರಡು ಸಲ ಮಾಡುವುದನ್ನು ತಿಂಗಳಿಗೆ ಎರಡು ಸಲ ಮಾಡಲು ಏನು ಅಡ್ಡಿ? ಹೋಳಿಗೆ ಬೇಡ. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಹಿಂಗಾರಿಯಲ್ಲಿ ಹೊಲದಲ್ಲಿ ಕಡಲೆ ಸುಲಗಾಯಿ ಇರುತ್ತದೆ, ಜೋಳ ಹಾಲುಗಾಳು ಕಟ್ಟಿದಾಗ ಸೀತನಿ ಇರುತ್ತದೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕಾಳು ಬಾಯಿಗೆ ಹಾಕುವುದನ್ನು ಮಗುವಿಗೆ ಕಲಿಸಿಕೊಡಿರಿ. ಸ್ವಂತ ಹೊಲ ಇಲ್ಲದವರು ಬೀಗರ, ಗೆಳೆಯರ ಹೊಲಕ್ಕೆ ಹೋಗಿರಿ. ಈ ಸೀಮೆಯಲ್ಲಿ ಬುತ್ತಿ ಹಿಡಿದು ಬಂದವರನ್ನು ಯಾವ ಒಕ್ಕಲಿಗನೂ ಹೊಲದಿಂದ ಹೊರಗೆ ಕಳಿಸುವುದಿಲ್ಲ.

ಯಲ್ಲಮ್ಮನ ಗುಡ್ಡಕ್ಕೂ ಅಷ್ಟೇ. ಹಿಂದೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು, ದಾರಿಯಲ್ಲಿ ಬಿಡಾರ ಹೂಡುತ್ತ ದಿನಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಈಗಲೂ ಹಾಗೆ ಬರುವವರಿದ್ದಾರೆ. ನೀವು ಅಷ್ಟು ದೂರ ನಡೆಯಬೇಕಿಲ್ಲ. ಸವದತ್ತಿ ಪೇಟೆಯಿಂದ ಗುಡ್ಡ ಸುಮಾರು ಐದು ಕಿಲೋಮೀಟರ್. ಜಾತ್ರೆಯ ಗದ್ದಲವಿಲ್ಲದ ದಿನ ನೋಡಿ, ನಸುಕಿನಲ್ಲಿ ಪೇಟೆಯಲ್ಲೇ ಗಾಡಿ ಬಿಟ್ಟು, ಜೋಗುಳಬಾವಿಯಲ್ಲಿ ಕೂತು ದಣಿವಾರಿಸಿಕೊಂಡು ‘ಉಧೋ ಉಧೋ’ ಎನ್ನುತ್ತ ಮೇಲೆ ನಡೆಯಿರಿ. ಎಂಟು ವರ್ಷದ ಮಗುವಿಗೆ ಇದು ಸಾಧ್ಯವಾದ ನಡಿಗೆ. ಇಳಿಯುವಾಗ ಬಸ್ಸು ಇದ್ದೇ ಇದೆ. ತಾನೇ ನಡೆದು ಹತ್ತಿದ ಗುಡ್ಡವನ್ನು ಮಗು ಮರೆಯುವುದಿಲ್ಲ.

ಹತ್ತಿರದ ಜಾಗ, ಸಣ್ಣ ಕೆಲಸ

‘ಎಲ್ಲಿಗೆ ಕರಕೊಂಡು ಹೋಗೋದ್ರಿ?’ ಎಂದು ಕೇಳುವವರಿಗೆ ನಮ್ಮ ನಾಲ್ಕು ತಾಲ್ಲೂಕಿನ ಹೆಸರುಗಳೇ ಸಾಕು. ಆದರೆ ಒಂದು ಗುಟ್ಟು ಇದೆ. ಮಗುವಿಗೆ ‘ನೋಡು’ ಎಂದರೆ ಬೇಸರ ಬರುತ್ತದೆ, ‘ಹುಡುಕು’ ಎಂದರೆ ಕಾಲು ಚುರುಕಾಗುತ್ತದೆ. ಹೋದ ಕಡೆಯಲ್ಲೆಲ್ಲ ಒಂದು ಸಣ್ಣ ಕೆಲಸ ಕೊಡಿರಿ.

ಕಿತ್ತೂರಿಗೆ ಹೋದರೆ ಕೋಟೆಯ ಅರಮನೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಇಟ್ಟ ಕಿಂಡಿ ಎಲ್ಲಿದೆ ಎಂದು ಹುಡುಕಲು ಹೇಳಿರಿ. ಅದು ಸಿಕ್ಕಿದ ಮೇಲೆ ಉತ್ತರ ದಿಕ್ಕು ಯಾವುದು ಎಂದು ಕೇಳಿರಿ, ಉತ್ತರ ತಾನಾಗಿಯೇ ಬರುತ್ತದೆ. ಆಮೇಲೆ ಕೋಟೆಯ ಬಾಗಿಲ ಕಡೆ ನಡೆಯಿರಿ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಈ ಕೋಟೆಯ ಮುಂದಿನ ಕಾಳಗದಲ್ಲೇ ಎಂದು ಹೇಳಿರಿ. ಪುಸ್ತಕದಲ್ಲಿ ಓದುವಾಗ ನಿದ್ದೆ ಬರಿಸುವ ಇಸವಿ ಇಲ್ಲಿ ನಿಂತಾಗ ಮೈ ನವಿರೇಳಿಸುತ್ತದೆ.

ಬೈಲಹೊಂಗಲದವರಿಗೆ ಕಿತ್ತೂರು ರಾಣಿ ಚನ್ನಮ್ಮನ ಸಮಾಧಿ ಊರಲ್ಲೇ ಇದೆ. ಸೆರೆಯಲ್ಲಿದ್ದ ರಾಣಿ 1829ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಅಲ್ಲಿಗೆ ಗಾಡಿಯ ಮೇಲೆ ಹೋಗುವುದು ಬೇಡ, ನಡೆದು ಹೋಗಿರಿ. ಸಂಗೊಳ್ಳಿ, ಬೆಳವಡಿ ಎರಡೂ ಇದೇ ತಾಲ್ಲೂಕಿನ ಊರುಗಳು. ಹೈಸ್ಕೂಲ್ ಮಕ್ಕಳಿದ್ದರೆ, ನೀವೂ ಸೈಕಲ್ ಹಿಡಿದು ಅವರ ಜೊತೆ ಒಳದಾರಿಯಲ್ಲಿ ಹೋಗಿ ಬರಬಹುದು. ಸೊಗಲದಲ್ಲಿ ಸೋಮೇಶ್ವರನ ಗುಡಿ, ಮಳೆಗಾಲದಲ್ಲಿ ಧುಮುಕುವ ನೀರು, ಕಲ್ಲಿನ ಕೊಳ್ಳ. ಸವದತ್ತಿಯಲ್ಲಿ ಶಿರಸಂಗಿ ದೇಸಾಯರ ಕಾಲದ ಕೋಟೆ. ಅಲ್ಲಿ ಬುರುಜು ಎಷ್ಟಿವೆ ಎಂದು ಎಣಿಸಲು ಹೇಳಿರಿ. ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿಯ ಜೊತೆಗೆ ಹತ್ತಾರು ಹಳೆಯ ಗುಡಿಗಳಿವೆ, ಊರ ಮೇಲೆ ಗುಡ್ಡವಿದೆ. ಕಂಬದ ಮೇಲೆ, ಗೋಡೆಯ ಮೇಲೆ ಆನೆ ಎಷ್ಟು, ಸಿಂಹ ಎಷ್ಟು ಎಂದು ಲೆಕ್ಕ ಬರೆಯಲು ಒಂದು ನೋಟ್‌ಬುಕ್ ಕೊಡಿರಿ. ಅರ್ಧ ದಿನ ಹೇಗೆ ಹೋಯಿತೋ ಗೊತ್ತಾಗುವುದಿಲ್ಲ.

ರಾಮದುರ್ಗದ ಕಡೆ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ. ಅಲ್ಲಿ ಶಬರಿಯ ಕಥೆ ಹೇಳುತ್ತ ನಡೆಯಿರಿ, ಮಕ್ಕಳು ದಾರಿಯಲ್ಲಿ ಬಾರಿಗಿಡ ಹುಡುಕುತ್ತಾರೆ. ತೊರಗಲ್ಲಿನಲ್ಲಿ ಹಳೆಯ ಕೋಟೆ, ಭೂತನಾಥನ ಗುಡಿ. ಗೊಡಚಿಯಲ್ಲಿ ವೀರಭದ್ರನ ಜಾತ್ರೆ. ಇವೆಲ್ಲ ನಮಗೆ ಎಷ್ಟು ಹತ್ತಿರ ಎಂದರೆ, ಹತ್ತಿರ ಇರುವುದಕ್ಕೇ ನಾವು ನೋಡದೆ ಬಿಟ್ಟಿದ್ದೇವೆ.

ಬೆಂಗಳೂರು, ಪುಣೆ ಸೇರಿದ ನಮ್ಮ ಮಕ್ಕಳಿಗೂ ಒಂದು ಮಾತು. ರಜೆಗೆ ಊರಿಗೆ ಬಂದಾಗ ಎರಡು ದಿನಕ್ಕೆ ತಿರುಗಿ ಹೋಗಬೇಡಿರಿ. ಮೊಮ್ಮಕ್ಕಳನ್ನು ಅಜ್ಜ-ಅಜ್ಜಿಯ ಹತ್ತಿರ ಎರಡು ವಾರ ಬಿಟ್ಟು ಹೋಗಿರಿ. ಅಂಗಳದಲ್ಲಿ ಬರಿಗಾಲಲ್ಲಿ ಮಣ್ಣು ತುಳಿದರೆ ಅವರಿಗೇನೂ ಆಗುವುದಿಲ್ಲ.

ನಿಮ್ಮ ಆಟ ಅವರಿಗೆ ಕೊಡಿರಿ

ದಿನನಿತ್ಯಕ್ಕೆ ಕೋಟೆ, ಗುಡ್ಡ ಆಗುವುದಿಲ್ಲ. ದಿನನಿತ್ಯಕ್ಕೆ ಓಣಿಯೇ ಆಗಬೇಕು. ನೀವು ಆಡಿದ ಲಗೋರಿ, ಚಿಣಿದಾಂಡು, ಬಗರಿ, ಗೋಲಿಗುಂಡು, ಕಣ್ಣುಮುಚ್ಚಾಟ, ಖೋ ಖೋ, ಹುತುತೂ ನಿಮ್ಮ ಮಕ್ಕಳಿಗೆ ಬರುವುದಿಲ್ಲ. ಅವು ಪುಸ್ತಕ ಓದಿ ಬರುವಂಥವಲ್ಲ. ದೊಡ್ಡ ಹುಡುಗರ ಆಟ ನೋಡಿ ಸಣ್ಣವರು ಕಲಿಯುತ್ತಿದ್ದರು. ಆ ಸರಪಳಿ ನಿಮ್ಮ ತಲೆಮಾರಿಗೆ ಬಂದು ತುಂಡಾಗಿದೆ. ಕೂಡಿಸಬೇಕಾದವರೂ ನೀವೇ.

ನಮ್ಮ ಓಣಿಯ ಒಬ್ಬ ತಂದೆ ಇದನ್ನು ಮಾಡಿದ್ದನ್ನು ನಾನು ಕಟ್ಟೆಯ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ದೀಪಾವಳಿ ಸೂಟಿಯ ಒಂದು ಸಂಜೆ ಅವನು ಮಗನನ್ನು ಕರೆದುಕೊಂಡು ಹೊರಗೆ ಬಂದ. ಒಡೆದ ಹಂಚು, ಚಪ್ಪಟೆ ಕಲ್ಲು ಆರಿಸಿ ಏಳನ್ನು ಒಂದರ ಮೇಲೊಂದು ಪೇರಿಸಿದ. ಹಳೆಯ ಅರಿವೆ ಸುತ್ತಿ, ಸುತಳಿ ಬಿಗಿದು ಚೆಂಡು ಮಾಡಿದ. ಮೊದಲ ಹೊಡೆತ ತಾನೇ ಹೊಡೆದ, ತಪ್ಪಿತು. ಮಗ ನಕ್ಕ. ಎರಡನೆಯದು ಮಗ ಹೊಡೆದ, ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಆ ಸಪ್ಪಳಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ಎರಡು ಪಂಗಡ ಮಾಡುವಷ್ಟು ಹುಡುಗರು ಬಂದು ನಿಂತರು. ಕಟ್ಟೆಯ ಮೇಲಿದ್ದ ಹೆಣ್ಣುಮಕ್ಕಳು ‘ಅಲ್ಲಿ ಅಲ್ಲಾ, ಈ ಕಡೆ ಓಡಲೇ’ ಎಂದು ಒದರಲು ಶುರು ಮಾಡಿದರು. ಮರುದಿನ ಆ ತಂದೆ ಇರಲಿಲ್ಲ, ಕೆಲಸಕ್ಕೆ ಹೋಗಿದ್ದ. ಹುಡುಗರು ತಾವೇ ಕಲ್ಲು ಪೇರಿಸಿದರು. ಓಣಿಗೆ ಒಬ್ಬ ತಂದೆ, ಒಬ್ಬ ತಾಯಿ ಮೊದಲ ಹೆಜ್ಜೆ ಇಟ್ಟರೆ ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹತ್ತು ವರ್ಷದ ತನಕ ಹುಡುಗಿ ಓಣಿಯಲ್ಲಿ ಓಡುತ್ತಾಳೆ. ಹನ್ನೊಂದು-ಹನ್ನೆರಡಕ್ಕೆ ‘ಇನ್ನ ಆಟ ಸಾಕು ಯವ್ವಾ’ ಎಂದು ಒಳಗೆ ಕರೆಯುತ್ತೇವೆ. ಎಲುಬು ಗಟ್ಟಿಯಾಗುವ ವಯಸ್ಸು ಅದೇ, ಬಿಸಿಲು ಓಡಾಟ ಎರಡೂ ಹೆಚ್ಚು ಬೇಕಾದ ವಯಸ್ಸೂ ಅದೇ. ಇದು ಯಾವ ನೆಲ ಎಂದು ನೆನಪು ಮಾಡಿಕೊಳ್ಳಿರಿ. ಕುದುರೆ ಸವಾರಿ, ಕತ್ತಿವರಸೆ ಕಲಿತ ಚನ್ನಮ್ಮನ ನೆಲ. ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯದೆದುರು ನಿಂತ ಬೆಳವಡಿ ಮಲ್ಲಮ್ಮನ ನೆಲ. ಕಿತ್ತೂರಿನಲ್ಲಿ 1969ರಲ್ಲಿ ಹುಟ್ಟಿದ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ಶಾಲೆಯಲ್ಲಿ ಇಂದಿಗೂ ಹುಡುಗಿಯರು ಕುದುರೆ ಏರುತ್ತಾರೆ. ಅಂಥ ನೆಲದಲ್ಲಿ ನಮ್ಮ ಹುಡುಗಿ ಕೆರೆಯ ತನಕ ಸೈಕಲ್ ಹೊಡೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಿಮಗೆ ಅಳುಕಿದ್ದರೆ ಅವ್ವ, ಚಿಗವ್ವ, ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡಿ ಜೊತೆಗೆ ಹೋಗಿರಿ. ನಿಮಗೂ ವಾರಕ್ಕೆ 150 ನಿಮಿಷವಾದರೂ ಜೋರು ನಡಿಗೆಯಂಥ ಓಡಾಟ ಬೇಕು ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ಪಂಕ್ಚರ್ ತಿದ್ದಿಸಿ, ಸರಪಳಿಗೆ ಎಣ್ಣೆ ಬಿಟ್ಟು ಹೊರಗೆ ತೆಗೆಯಿರಿ.

ಅಂಜಿಕೆ ಇರಲಿ, ಎಚ್ಚರ ಹೆಚ್ಚಿರಲಿ

ಹೊರಗೆ ಮಕ್ಕಳಿಗೆ ಏನಾದರೂ ಆದೀತೆಂಬ ನಿಮ್ಮ ಅಂಜಿಕೆ ಸುಳ್ಳಲ್ಲ. ಅದಕ್ಕೇ ಕೆಲವು ಕಟ್ಟುನಿಟ್ಟಿನ ಮಾತು ಹೇಳುತ್ತೇನೆ.

ಮೊದಲನೆಯದು ನೀರು. ನದಿ, ಕಾಲುವೆ, ನವಿಲುತೀರ್ಥದ ಹಿನ್ನೀರು, ಕೃಷಿ ಹೊಂಡ — ಈಜು ಬಲ್ಲ ದೊಡ್ಡವರು ಕೈಯಳತೆಯಲ್ಲಿ ಇಲ್ಲದೆ ಮಗು ಇವುಗಳ ಹತ್ತಿರ ಹೋಗಕೂಡದು. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವರಿಗೆ ಹತ್ತಿ ಬರಲು ಆಸರೆ ಸಿಗುವುದಿಲ್ಲ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿರಿ, ಗಂಟು ಕಟ್ಟಿದ ಒಂದು ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನ ತನಕ ಇಳಿಬಿಡಿರಿ. ಸೊಗಲದ ಪಾಚಿಗಟ್ಟಿದ ಬಂಡೆಯ ಮೇಲೆ ಮೊಬೈಲ್ ಹಿಡಿದು ಫೋಟೊಕ್ಕೆ ನಿಲ್ಲಿಸಬೇಡಿರಿ.

ಎರಡನೆಯದು ಬಿಸಿಲು. ಮಾರ್ಚ್‌ನಿಂದ ಮೇ ತನಕ ಮುಂಜಾನೆ ಒಂಬತ್ತರೊಳಗೆ, ಇಲ್ಲವೆ ಸಂಜೆ ಐದರ ನಂತರ ಆಡಲಿ. ತಲೆಗೆ ಟೊಪ್ಪಿಗೆ ಇರಲಿ, ಕೈಯಲ್ಲಿ ನೀರು ಇರಲಿ, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿರಿ. ಮಗುವಿಗೆ ತಲೆ ಸುತ್ತಿದರೆ, ವಾಂತಿ ಬಂದರೆ ಕೂಡಲೇ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿರಿ, ಸುಧಾರಿಸದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಹಾವು. ಹೊಲಕ್ಕೆ ಹೋಗುವಾಗ ಕಾಲು ಮುಚ್ಚುವ ಬೂಟು, ಕತ್ತಲಲ್ಲಿ ಬ್ಯಾಟರಿ ಇರಲೇಬೇಕು. ಕಲ್ಲಿನ ಸಂದಿಗೆ, ಕಣಕಿಯ ಬಣವೆಗೆ ಕೈ ಹಾಕಬಾರದು ಎಂದು ಮೊದಲೇ ಹೇಳಿರಿ. ಕಡಿದರೆ ಗಾಯ ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಹಗ್ಗ ಬಿಗಿಯಬೇಡಿರಿ, ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬೇಡಿರಿ. ಕಡಿದ ಕಾಲನ್ನು ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿರಿ.

ನಾಲ್ಕನೆಯದು ರಸ್ತೆ. ಹೆದ್ದಾರಿಯ ಬದಿಗೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡುವ ದಾರಿಯಲ್ಲಿ ಸೈಕಲ್ ಕಲಿಸಬೇಡಿರಿ. ಸಾಲಿಯ ಮೈದಾನ, ಹೊಲದ ಬಂಡಿದಾರಿ ಅದಕ್ಕೆ ಒಳ್ಳೆಯದು.

ಮೈದಾನ ಕೇಳಿರಿ, ಮೊಬೈಲ್ ಇಳಿಸಿರಿ

ಊರಿನ ಸಾಲಿಯ ಮೈದಾನಕ್ಕೆ ಸಂಜೆ ಬೀಗ ಹಾಕಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೂತು ಮಾತಾಡಿರಿ. ಪಾಳಿಯ ಪ್ರಕಾರ ದಿನಕ್ಕಿಬ್ಬರು ಪಾಲಕರು ನಿಂತು ನೋಡಿಕೊಳ್ಳುತ್ತೇವೆ ಎಂದು ನೀವೇ ಹೊಣೆ ಹೊತ್ತರೆ, ಬೇಡ ಎನ್ನಲು ಹೆಡ್ ಮಾಸ್ತರರಿಗೆ ಕಾರಣ ಉಳಿಯುವುದಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ನಿಂತು ‘ನಮಗ ಆಡಾಕ ಜಾಗಾ ಬೇಕ್ರಿ’ ಎಂದು ಕೇಳಬಹುದು. ಕೇಳಲು ಅವರನ್ನು ತಯಾರು ಮಾಡಿರಿ, ಅವತ್ತು ಅವರ ಬೆನ್ನಿಗೆ ಹೋಗಿ ಕೂಡಿರಿ. ಉದ್ಯೋಗ ಖಾತರಿಯ ಹಣದಿಂದ ಆಟದ ಮೈದಾನ ಮಾಡಿಸಿಕೊಂಡ ಸಾಲಿಗಳು ನಮ್ಮ ರಾಜ್ಯದಲ್ಲಿ ಬಹಳ ಇವೆ.

ಇನ್ನು ಮೊಬೈಲ್. ಅದನ್ನು ಕಸಿದುಕೊಳ್ಳುವುದರಿಂದ ಹಟ ಬೆಳೆಯುತ್ತದೆ. ಸಂಜೆ ಐದೂವರೆಯಿಂದ ಏಳರ ತನಕ ಮನೆಯ ಎಲ್ಲ ಮೊಬೈಲು ಗೋಡೆಯ ಮಾಡದಲ್ಲಿ ಇರಲಿ ಎಂದು ಕಟ್ಟಳೆ ಮಾಡಿರಿ. ಮೊದಲು ಅಪ್ಪನದು, ಆಮೇಲೆ ಅವ್ವನದು, ಕೊನೆಗೆ ಮಕ್ಕಳದು. ಅಜ್ಜ ಧಾರಾವಾಹಿ ನೋಡುತ್ತಿದ್ದರೆ ಅಜ್ಜನೂ ಎದ್ದು ಹೊರಗೆ ಬರಲಿ. ದೊಡ್ಡವರಿಗೆ ಬಿಡುವಿಲ್ಲ ಎಂದು ಹೇಳಬೇಡಿರಿ. ರೀಲ್ಸ್ ನೋಡಲು ಸಿಗುವ ಹೊತ್ತು ಲಗೋರಿಗೂ ಸಿಗುತ್ತದೆ.

ಕಡೆಗೆ ಒಂದು ಸರಳ ಯೋಜನೆ ಹೇಳಿ ಮುಗಿಸುತ್ತೇನೆ. ದಿನಾ ಸಂಜೆ ಒಂದು ತಾಸು ಓಣಿಯಲ್ಲಿ ಅಥವಾ ಸಾಲಿಯ ಮೈದಾನದಲ್ಲಿ ಆಟ, ವಾರದಲ್ಲಿ ಎರಡು ದಿನವಾದರೂ ಆ ಆಟದಲ್ಲಿ ನೀವೂ ಇರಬೇಕು. ರವಿವಾರ ಮುಂಜಾನೆ ಮನೆಮಂದಿಯೆಲ್ಲ ಹೊಲ, ಕೆರೆ, ಗುಡ್ಡ ಎಲ್ಲಾದರೂ ನಡಿಗೆ. ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಬುತ್ತಿ ಕಟ್ಟಿಕೊಂಡು ಅರ್ಧ ದಿನ ಬಯಲಲ್ಲಿ. ಸೂಟಿಯಲ್ಲಿ ನಾಲ್ಕು ತಾಲ್ಲೂಕಿನ ಒಂದೊಂದು ಜಾಗ. ಇದಕ್ಕೆ ಫೀ ಇಲ್ಲ, ಯೂನಿಫಾರ್ಮ್ ಇಲ್ಲ. ಒಂದು ತಿಂಗಳು ಬಿಡದೆ ಮಾಡಿರಿ. ಮಗುವಿನ ಹಸಿವು, ನಿದ್ದೆ, ಮಾತು, ನಗು ಎಲ್ಲದರಲ್ಲೂ ಅದರ ಗುಣ ನಿಮಗೇ ಕಾಣುತ್ತದೆ. ನಿಮ್ಮ ಮೈಯಲ್ಲೂ ಕಾಣುತ್ತದೆ.

ಈ ರವಿವಾರ ಎಲ್ಲಿಗೆ ಹೋಗಬೇಕೆಂದು ನೀವು ನಿರ್ಧರಿಸಬೇಡಿರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನೇ ಕೇಳಿರಿ. ಅವರು ಯಾವ ಹೆಸರು ಹೇಳುತ್ತಾರೋ ಅಲ್ಲಿಗೇ ನಸುಕಿನಲ್ಲಿ ಹೊರಡಿರಿ, ಅವರ ಜೊತೆಗೇ ನಡೆಯಿರಿ.